ಗೆರೆಯ ಹೊರಗೆ ಕೂತ ಮೊದಲ ಪಂದ್ಯ

ಸಂಡೂರಿನ ಗಣಿ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿದ್ದು ಕಬಡ್ಡಿಯಿಂದ. ಕಂಪ್ಲಿಯಲ್ಲಿ ಕೊಯ್ಲು ಮುಗಿದ ಭತ್ತದ ಗದ್ದೆಗಳಲ್ಲಿ ಆಡಿ ಬೆಳೆದವನು ನಾನು. ಕಂಪನಿ ತಂಡದ ಎಡಮೂಲೆಯಲ್ಲಿ ನಿಂತು, ಒಳಗೆ ಬಂದವನ ಕಾಲು ಹಿಡಿಯುವುದು ನನ್ನ ಪಾಲಿನ ಆಟ. ಕಂಪನಿಯ ಆಫೀಸಿನಲ್ಲಿ ಹೆಸರಿಗೊಂದು ಕುರ್ಚಿ ಇತ್ತು. ಸಂಬಳ ಕೊಡುತ್ತಿದ್ದುದು ಆ ಹಿಡಿತಕ್ಕೆ.

ಮೂವತ್ತು ದಾಟಿದ ಮೇಲೆ ಬಲಭುಜದ ಕೀಲು ತಪ್ಪತೊಡಗಿತು. ಕೈ ಮೇಲೆತ್ತಲಾಗದೆ ಹೆಂಡತಿಯೇ ಅಂಗಿ ತೊಡಿಸುತ್ತಿದ್ದಳು.

"ಎಷ್ಟು ದಿನ ಹಿಂಗ? ಹೋಗಿ ಹೇಳಬಾರದೇನ್ರಿ?" ಎಂದಳು ಒಂದು ಬೆಳಿಗ್ಗೆ.

"ಹೇಳಿದ್ರ ಕೆಲಸಾನೂ ಹೋಗ್ತದ."

ಅವಳು ಅಂಗಿಯ ಗುಂಡಿ ಹಾಕಿದಳು.

ಆ ಬೇಸಿಗೆಯಲ್ಲಿ ಮ್ಯಾನೇಜರು ಕರೆಸಿದರು. ಕೂರಲು ಹೇಳಿದರೂ ನಾನು ನಿಂತೇ ಇದ್ದೆ.

"ನಿಮ್ಮ ಭುಜ ನೋಡಾಕತ್ತೀನಿ. ಇನ್ನ ಆಡೋದು ಬ್ಯಾಡ."

"ಕೆಲಸ, ಸಾಹೇಬ್ರ?"

"ಕೆಲಸಕ್ಕೇನಾಗೈತಿ? ಹುಡುಗ್ರಿಗೆ ಕಲಿಸ್ರಿ. ನಮಗೊಬ್ಬ ಕೋಚ್ ಬೇಕು."

ಹೊರಗೆ ಬಂದು ನಲ್ಲಿಗೆ ತಲೆಯೊಡ್ಡಿದೆ. ಅಳು ಬರಬಹುದೆಂದು ಕಾದೆ. ಬಂದದ್ದು ಹಸಿವು. ಕ್ಯಾಂಟೀನಿಗೆ ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿ, ಇನ್ನೊಂದು ಪ್ಲೇಟನ್ನೂ ತಿಂದೆ.

ಕೋಚಾಗಿ ನನ್ನ ಮೊದಲ ಪಂದ್ಯ ಮರಿಯಮ್ಮನಹಳ್ಳಿಯಲ್ಲಿ ನಡೆಯಿತು. ನನ್ನ ಮೂಲೆಯಲ್ಲಿ ಚೋರನೂರಿನಿಂದ ಹೊಸದಾಗಿ ಸೇರಿದ ಯುವಕ ನಿಂತಿದ್ದ. ಅವಸರಪಟ್ಟು ಮುನ್ನುಗ್ಗಿ ಮತ್ತೆ ಮತ್ತೆ ಔಟಾದ. ವಿರಾಮದಲ್ಲಿ ತಲೆ ತಗ್ಗಿಸಿಕೊಂಡು ಬಂದ.

"ಅಣ್ಣಾ, ನೀವೇ ಇಳೀರಿ. ನನ್ನ ಕೈಲಿ ಆಗವಲ್ದು."

"ನಾ ಇಳಿಯಂಗಿಲ್ಲ. ನೀ ಜಲ್ದಿ ಮಾಡಬ್ಯಾಡ. ಕಾಲು ನೋಡಿದ್ರ ಮೋಸ ಹೋಗ್ತಿ. ಸೊಂಟ ನೋಡು, ಅದು ತಿರುಗಿದ ಮ್ಯಾಲೆ ಹಿಡಿ."

ಆಟ ಮತ್ತೆ ಶುರುವಾಯಿತು. ಎದುರಾಳಿ ಕಾಲು ಚಾಚಿ ಕೆಣಕಿದ, ನಮ್ಮವನು ಕದಲಲಿಲ್ಲ. ಎದುರಾಳಿ ಹಿಂತಿರುಗಲು ಸೊಂಟ ಹೊರಳಿಸಿದ್ದೇ ತಡ, ನಮ್ಮವನು ಪಾದಕ್ಕೆ ಬಿದ್ದು ಗಟ್ಟಿಯಾಗಿ ಹಿಡಿದ. ಉಳಿದವರೆಲ್ಲ ಮೇಲೆ ಬಿದ್ದರು. ದೂಳಿನಲ್ಲಿ ಆ ಕೈಕಾಲುಗಳ ರಾಶಿ ನೋಡುತ್ತ, ಅದರಡಿ ನನ್ನ ಭುಜವಿಲ್ಲವಲ್ಲ ಎನಿಸಿ ಉಸಿರು ನಿರಾಳವಾಯಿತು. ಮರುಕ್ಷಣ ಅವನಿಗಾಗಿ ಚಪ್ಪಾಳೆ ಹೊಡೆಯುತ್ತಿದ್ದೆ.

ಪಂದ್ಯ ಮಾತ್ರ ಸೋತೆವು. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗರು ಮಂಕಾಗಿ ಕೂತಿದ್ದರು. ನನಗೆ ಹೊಸಪೇಟೆ ದಾಟುವ ಮೊದಲೇ ನಿದ್ದೆ ಹತ್ತಿತ್ತು. ಸಂಡೂರಿನಲ್ಲಿ ಆ ಯುವಕನೇ ಎಬ್ಬಿಸಿದ.

"ನಾಳೆ ಎಷ್ಟೊತ್ತಿಗೆ ಬರ್ಲಿ, ಅಣ್ಣಾ?"

"ಬೆಳಕು ಹರಿದ ಕೂಡ್ಲೆ ಬಾ," ಎಂದೆ.