ಇರೋದನ್ನ ಮುಗಿಸಿ ಎಂದವಳು ನಾನೇ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ಚಿಕ್ಕದೊಂದು ರಂಗೋಲಿ ಬಿಟ್ಟೆ. ಇವರ ಡಬ್ಬಿಗೆ ಅವರೇಕಾಳಿನ ಉಪ್ಪಿಟ್ಟು ಹಾಕಿ ಕಳಿಸಿದೆ. ಅಂಗಡಿಗೆ ಹೋಗಿ ಶಟರ್ ಎತ್ತಿಸಿ, ದೇವರ ಪಟಕ್ಕೆ ಹೂ ಏರಿಸಿ, ಇನ್ಸುಲಿನ್ ಇಡುವ ಫ್ರಿಜ್ಜು ತಣ್ಣಗಿದೆಯೇ ಎಂದು ನೋಡಿದೆ. ಸಂಜೆ ಬೇಗ ಹೊರಟು ಮೂಡಲಪಾಳ್ಯದ ನಿಮ್ಮ ಮನೆಗೆ ಬಂದೆ, ಕಮಲಮ್ಮನವರೇ. ಬಂದು, ಆ ಮಾತ್ರೆಗಳನ್ನು ಮುಗಿಸಿ ಎಂದು ನಿಮಗೆ ಹೇಳಿದ್ದು ನಾನೇ ಎಂದು ಒಪ್ಪಿಕೊಂಡೆ.

ಒಪ್ಪಿಕೊಂಡಿದ್ದು ಅರ್ಧ. ಉಳಿದರ್ಧ ನಾಲಿಗೆಯ ತುದಿಯಲ್ಲೇ ನಿಂತಿತು. ಅದು ಇದು— ನಾನು ಬಾಯಿ ತಪ್ಪಿ ಹೇಳಿದ್ದಲ್ಲ. ತಪ್ಪೆಂದು ಗೊತ್ತಿದ್ದೇ ಹೇಳಿದ್ದೆ.

ನೀವು ನನ್ನನ್ನು ಬಲ್ಲಿರಿ. ವಿಜಯನಗರದ ಔಷಧಿ ಅಂಗಡಿಯ ಸುಜಾತಾ. ಅಂಗಡಿ ನನ್ನದಲ್ಲ, ಊರೆಲ್ಲ ಶಾಖೆಗಳಿರುವ ದೊಡ್ಡ ಕಂಪನಿಯದು. ಔಷಧಿ, ಲ್ಯಾಬು, ಕ್ಲಿನಿಕ್ಕು ಎಲ್ಲ ಅವರಿಗಿದೆ, ಷೇರು ಪೇಟೆಯಲ್ಲಿ ಹೆಸರೂ ಇದೆ. ಫಾರ್ಮಸಿ ಡಿಪ್ಲೊಮಾ ಮಾಡಿ ಸೇರಿದವಳು ಈಗ ಆ ಶಾಖೆಯ ಇನ್‌ಚಾರ್ಜು. ನಿಮಗೆ ಗೊತ್ತಿಲ್ಲದ್ದು ಒಂದಿದೆ. ನಮ್ಮಂಥ ಅಂಗಡಿಗಳಿಗೆ ಹಬ್ಬ ಹರಿದಿನಕ್ಕಿಂತ ಮುಖ್ಯವಾದದ್ದು ಮೂರು ತಿಂಗಳಿಗೊಮ್ಮೆ ಬರುವ ಕೊನೆಯ ವಾರ. ಆ ಮೂರು ತಿಂಗಳ ವ್ಯಾಪಾರ, ಲಾಭವನ್ನು ಕಂಪನಿ ಲೋಕಕ್ಕೆ ಸಾರಬೇಕು. ಮುಂದೆ ಹೇಗಿರುತ್ತದೆ ಎಂಬ ಮಾತನ್ನೂ ಕೊಡಬೇಕು. ಕ್ವಾರ್ಟರ್ ಎನ್ನುತ್ತಾರೆ ಅದಕ್ಕೆ. 'ನಮ್ಮ ಬೀದೀಲಿ ಕ್ವಾರ್ಟರ್ ಅಂದ್ರೆ ಬೇರೇನೇ ಕಣೇ, ಆದ್ರೆ ತಲೆ ಕೆಡೋದು ಎರಡಕ್ಕೂ ಒಂದೇ' ಎಂದು ಇವರು ರೇಗಿಸುತ್ತಾರೆ. ನಾನೂ ನಗುತ್ತಿದ್ದೆ.

ಆ ವಾರ ನಾವು ಮಾಡುವ ಕೆಲಸವೊಂದಿದೆ. ಬಿಪಿ, ಸಕ್ಕರೆ, ಥೈರಾಯ್ಡು ಎಂದು ತಿಂಗಳು ತಿಂಗಳು ಮಾತ್ರೆ ಕೊಳ್ಳುವವರಿಗೆ ಫೋನು ಮಾಡುತ್ತೇವೆ. ಮೂರು ತಿಂಗಳಿಗಾಗುವಷ್ಟು ಒಟ್ಟಿಗೇ ಕೊಳ್ಳಿ, ರಿಯಾಯಿತಿ ಇದೆ ಎನ್ನುತ್ತೇವೆ. ಮುಂದೆ ಆಗಬೇಕಾದ ವ್ಯಾಪಾರವನ್ನು ಈಗಲೇ ಎಳೆದುಕೊಳ್ಳುವುದು, ಅಷ್ಟೇ. ಯಾರಿಗೂ ಮೋಸವಿಲ್ಲ ಎಂದೇ ನಾನು ನಂಬಿದ್ದೆ. ಗುಳಿಗೆ ಹೇಗೂ ನುಂಗಬೇಕು ತಾನೇ—

ಹೋದ ಯುಗಾದಿಗೆ ಮುಂಚೆ ನಿಮಗೂ ಫೋನು ಮಾಡಿದೆ. ನೀವು ಪೆನ್ಷನ್ ಬಂದಾಗ ತಿಂಗಳಿಗಾಗುವಷ್ಟೇ ಕೊಳ್ಳುವವರು. 'ನೀನು ಹೇಳಿದ ಮೇಲೆ ಇನ್ನೇನಮ್ಮಾ' ಎಂದು ಬಂದು ಚೀಲ ತುಂಬ ಒಯ್ದಿರಿ. ಮನೆಯಲ್ಲಿ ಹಳೆಯ ಮಸಾಲೆ ಡಬ್ಬಿಯೇ ನಿಮ್ಮ ಮಾತ್ರೆ ಡಬ್ಬಿ ಎಂದು ಎಷ್ಟು ಸಲ ಹೇಳಿ ನಗಿಸಿದ್ದೀರಿ. ಸಾಸಿವೆ ಬಟ್ಟಲಲ್ಲಿ ಬಿಪಿಯದು, ಜೀರಿಗೆ ಬಟ್ಟಲಲ್ಲಿ ಸಕ್ಕರೆಯದು, ಮೆಂತ್ಯದ ಬಟ್ಟಲಲ್ಲಿ ಕ್ಯಾಲ್ಸಿಯಂ. 'ಅಡುಗೆ ಮಾಡೋಳಿಗೆ ಬಟ್ಟಲು ತಪ್ಪಲ್ಲ ಕಣಮ್ಮ' ಎನ್ನುತ್ತಿದ್ದಿರಿ. ಒಂದು ದಿನವೂ ತಪ್ಪಿದವರಲ್ಲ ನೀವು.

ಅದೇ ವಾರ ಕಳೆಯುವ ಮುಂಚೆ ಮತ್ತೆ ಬಂದಿರಿ. ಕಿಡ್ನಿ ಪರೀಕ್ಷೆಯಲ್ಲಿ ಏನೋ ಏರುಪೇರು ಬಂದಿದೆ, ಸಕ್ಕರೆ ಮಾತ್ರೆಯ ಪವರನ್ನು ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ ಎಂದು ಚೀಟಿ ತೋರಿಸಿದಿರಿ. ಜೊತೆಗೆ ಒಡೆಯದ ಶೀಟುಗಳನ್ನೆಲ್ಲ ಕೌಂಟರಿನ ಮೇಲಿಟ್ಟಿರಿ.

'ಇವನ್ನ ವಾಪಸ್ ತಗೊಂಡು ಚಿಕ್ಕ ಪವರಿಂದು ಕೊಡಮ್ಮ.'

ಕೊಡಬೇಕಿತ್ತು. ಅದು ನಿಯಮದಲ್ಲೂ ಇತ್ತು. ಆದರೆ ಬೆಳಿಗ್ಗೆಯಷ್ಟೇ ನಮ್ಮ ಏರಿಯಾ ಮ್ಯಾನೇಜರು, 'ಕ್ವಾರ್ಟರ್ ಕ್ಲೋಸಿಂಗ್ ಆಗೋವರೆಗೂ ಒಂದೂ ರಿಟರ್ನ್ ಬೇಡ ಮೇಡಂ, ನಿಮ್ ಬ್ರಾಂಚು ಈ ಸಲ ಮೊದಲು ಬರತ್ತೆ' ಎಂದಿದ್ದರು. ವಾಪಸ್ ತೆಗೆದುಕೊಂಡರೆ ನಮ್ಮ ಅಂಕಿ ಇಳಿಯುತ್ತದೆ. ಯುಗಾದಿ ಕಳೆದ ಮೇಲೆ ತನ್ನಿ ಎನ್ನಬಹುದಿತ್ತು. ಆಗ ಹೊಸ ಕ್ವಾರ್ಟರಿನ ಲೆಕ್ಕ ವಾಪಸ್ ಬಂದದ್ದನ್ನು ಕಳೆಯುವುದರಿಂದಲೇ ಶುರುವಾಗುತ್ತದೆ. ಅದೂ ಬೇಡವೆನಿಸಿತು. ಇದನ್ನೆಲ್ಲ ಕೂತು ಯೋಚಿಸಿದ್ದೆ ಎಂದಲ್ಲ. ನಿಮ್ಮ ಚೀಟಿ ಕೈಯಲ್ಲಿ ಹಿಡಿದು ನಿಂತಷ್ಟು ಹೊತ್ತು, ಅಷ್ಟೇ. ಆದರೆ ಆ ಹೊತ್ತಿನಲ್ಲಿ ಪವರ್ ಇಳಿಸಿದ್ದು ಯಾಕೆ ಎಂಬುದೂ ನನಗೆ ಹೊಳೆದಿತ್ತು. ಓದಿದವಳು ನಾನು. ಕಿಡ್ನಿ ಸೋತವರಲ್ಲಿ ಆ ಮಾತ್ರೆ ಮೈಯಲ್ಲೇ ನಿಲ್ಲುತ್ತದೆ, ಸಕ್ಕರೆ ತೀರಾ ಇಳಿದುಬಿಡುತ್ತದೆ— ಗೊತ್ತಿತ್ತು.

'ಇರೋದನ್ನ ಮುಗಿಸಿಬಿಡಿ ಅಮ್ಮ, ಆಮೇಲೆ ಹೊಸದು ಶುರು ಮಾಡಿ. ಏನೂ ಆಗಲ್ಲ.'

ನಿಮ್ಮ ಮುಖ ಅರಳಿತು. ಅದನ್ನು ನಾನು ಮರೆಯಲಾರೆ. 'ಅದೇ ಕಣಮ್ಮ, ದುಡ್ಡು ಕೊಟ್ಟು ತಂದಿದ್ದು. ಹಳೇ ಉಪ್ಪಿನಕಾಯಿ ಇರೋವಾಗ ಹೊಸ ಜಾಡಿ ಯಾರಾದ್ರೂ ಬಿಚ್ತಾರಾ?' ಎಂದಿರಿ. ನಮ್ಮ ಮನೆಗಳಲ್ಲಿ ಯಾರೂ ಬಿಚ್ಚುವುದಿಲ್ಲ. ಎಸೆಯುವುದು ಪಾಪ ಎಂದು ಕಲಿತವರು ನಾವು. ಆ ಕಲಿಕೆಯನ್ನೇ ಹಿಡಿದು ನಿಮ್ಮನ್ನು ವಾಪಸ್ ಕಳಿಸಿದೆ. ಬೇರೇನು ಹೇಳಿದ್ದರೂ ನೀವು ಮರುಪ್ರಶ್ನೆ ಹಾಕುತ್ತಿದ್ದಿರೇನೋ.

ಬೇಸಿಗೆಯಲ್ಲಿ ಕಂಪನಿಯ ಫಲಿತಾಂಶ ಬಂತು. ದೊಡ್ಡ ಸಾಹೇಬರು ಮಾತಾಡಿದ ವಿಡಿಯೋವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅವರ ಇಂಗ್ಲಿಷಿನಲ್ಲಿ ನಾನು ತಿಳಿದುಕೊಂಡಿದ್ದು ಇಷ್ಟು: ಈ ಸಲದಂಥ ಲಾಭ ಹಿಂದೆ ಬಂದಿರಲಿಲ್ಲ, ಮುಂದಿನ ವರ್ಷ ಇನ್ನೂ ಚೆನ್ನಾಗಿರುತ್ತದೆ, ಬಹುಕಾಲದ ಕಾಯಿಲೆಯವರೇ ಕಂಪನಿಗೆ ಗಟ್ಟಿ ಬುನಾದಿ. ನಮ್ಮ ಶಾಖೆಗೆ ಮೈಸೂರುಪಾಕಿನ ಡಬ್ಬ ಬಂತು. ಹಂಚಿದೆ. ಮೊದಲ ತುಂಡು ನಾನೇ ಬಾಯಿಗೆ ಹಾಕಿಕೊಂಡೆ.

ನೀವು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿದ್ದದ್ದು ಆಮೇಲೆ, ಅದೇ ವಾರದಲ್ಲಿ. ಬೆವರು ಸುರಿದು ಕಣ್ಣು ಕತ್ತಲೆ ಬಂದು ಕುಸಿದಿರಂತೆ. ಸಕ್ಕರೆ ಪಾತಾಳಕ್ಕಿಳಿದಿತ್ತಂತೆ. ತೊಡೆಯ ಮೂಳೆ ಮುರಿದು ರಾಡು ಹಾಕಿದರು. ಆಸ್ಪತ್ರೆಯಿಂದಲೇ ನಿಮ್ಮ ಮಗ ಗಿರೀಶ್ ಅಂಗಡಿಗೆ ಬಂದರು. ಎರಡು ದಿನ ನಿದ್ದೆಯಿಲ್ಲದ ಮುಖ.

'ಮೇಡಂ, ಹಳೇ ಮಾತ್ರೆನೇ ತಗೊಳ್ತಿದ್ರಂತೆ. ಅಂಗಡಿ ಸುಜಾತಾನೇ ಹೇಳಿದ್ಳು ಅಂತಾರೆ ಅಮ್ಮ. ಹೇಳಿದ್ರಾ?'

ಕಮಲಮ್ಮನವರೇ, ಮೊದಲ ತಪ್ಪಿಗೆ ಆತುರವಿತ್ತು ಎಂದಾದರೂ ಹೇಳಬಹುದು. ಈ ಎರಡನೆಯದಕ್ಕೆ ಏನು ಹೇಳಲಿ? ಎದುರಿನ ಗೋಡೆಯಲ್ಲಿ ಮೊದಲು ಬಂದದ್ದಕ್ಕೆ ನಮ್ಮ ಶಾಖೆಗೆ ಕೊಟ್ಟ ಪ್ರಶಂಸಾಪತ್ರ ಕಾಣುತ್ತಿತ್ತು.

'ಛೇ, ಇಲ್ಲ ಸಾರ್. ನಾವು ಹಂಗೆಲ್ಲ ಹೇಳಲ್ಲ. ವಯಸ್ಸಾಯ್ತಲ್ಲ, ಮರೆವು ಇರತ್ತೆ. ಮನೇಲಿ ಯಾರಾದ್ರೂ ನೋಡ್ಕೋಬೇಕು.'

ಅವರು ತಲೆಯಾಡಿಸಿದರು. ನನ್ನನ್ನು ನಂಬಿದರು. ಸ್ವಂತ ತಾಯಿಯನ್ನು ಬಿಟ್ಟು ನನ್ನನ್ನು.

ಆಮೇಲಿನದನ್ನೆಲ್ಲ ನಾನು ಕೌಂಟರಿನ ಈಚೆಯಿಂದ ನೋಡಿದೆ, ಕೇಳಿದೆ. 'ಮನೇಲಿ ಯಾರಾದ್ರೂ' ಎಂದರೆ ಯಾರು? ನಿಮ್ಮ ಸೊಸೆ ರೂಪಾ ಅಲ್ಲದೆ ಇನ್ಯಾರು. ಅತ್ತೆ ಏನು ನುಂಗುತ್ತಾಳೆ ಎಂದು ನೋಡದವಳು ಎಂಬ ಮಾತು ಅವರ ತಲೆಗೆ ಕಟ್ಟಿತು. ಸ್ಕೂಲಿನ ಆಫೀಸು ಕೆಲಸ ಬಿಟ್ಟರು. ನಿಮ್ಮ ಮಸಾಲೆ ಡಬ್ಬಿ ಅಟ್ಟಕ್ಕೆ ಹೋಯಿತು. ಗ್ಯಾಸು ಹಚ್ಚಬೇಡಿ ಎಂದರು, ಬೀಗದ ಕೈ ತೆಗೆದುಕೊಂಡರು. ಮಳೆಗಾಲದಲ್ಲಿ ರೂಪಾ ಬಂದು, 'ಆಂಟಿ, ನೆನಪಿನ ಶಕ್ತಿಗೆ ಏನಾದ್ರೂ ಇದ್ರೆ ಕೊಡಿ, ಅತ್ತೆಗೆ' ಎಂದು ಕೇಳಿದರು.

ಕೊಟ್ಟೆ. ಬಿಲ್ಲು ಮಾಡಿದೆ. ಆಮೇಲೆ ತಿಂಗಳು ತಿಂಗಳೂ ಕೊಟ್ಟೆ. ನಾನು ಸುಳ್ಳು ಹೇಳಿ ಹುಟ್ಟಿಸಿದ ಕಾಯಿಲೆಗೆ ನಾನೇ ಮಾತ್ರೆ ಮಾರಿದೆ. ಅದೂ ನಮ್ಮ ಅಂಕಿಗೆ ಸೇರಿತು.

ಕಳೆದ ವಾರ ನೀವು ವಾಕರ್ ಹಿಡಿದು ರೂಪಾ ಜೊತೆ ಬಂದಿರಿ. ಅವರು ಹೊರಗೆ ಆಟೋದವನಿಗೆ ನಿಲ್ಲಲು ಹೇಳುತ್ತಿದ್ದಾಗ ಕೌಂಟರಿಗೆ ಬಗ್ಗಿ ಮೆಲ್ಲಗೆ ಕೇಳಿದಿರಿ: 'ನೀನು ಸುಜಾತಾನೇ ತಾನೇ ಅಮ್ಮಾ? ನಂಗೆ ಈಗೀಗ ಖಾತ್ರಿ ಇಲ್ಲ. ಮನೇಲಿ ಕೇಳಿದ್ರೆ ಬೇಜಾರು ಮಾಡ್ಕೋತಾರೆ.'

ನಿಮ್ಮ ನೆನಪಿಗೆ ಏನೂ ಆಗಿರಲಿಲ್ಲ. ನಿಮ್ಮ ನೆನಪನ್ನು ನೀವೇ ನಂಬದ ಹಾಗೆ ಮಾಡಿದ್ದು— ನಾನು. ಹೌದೆಂದು ತಲೆಯಾಡಿಸಿದೆ.

ಈಗ ಮತ್ತೆ ಕೊನೆಯ ವಾರ. ಫೋನು ಮಾಡಬೇಕಾದವರ ಹೆಸರುಗಳು ಬೆಳಿಗ್ಗೆ ಬಂದವು. ನಿಮ್ಮ ಹೆಸರೂ ಇತ್ತು. ಫೋನು ಮಾಡಲಿಲ್ಲ. ಯಾರಿಗೂ ಮಾಡಲಿಲ್ಲ. ಸಂಜೆ ನಡೆದುಕೊಂಡೇ ಬಂದೆ.

ನೀವು ಸೊಗಡಿನ ಅವರೆಕಾಯಿ ಬಿಡಿಸುತ್ತಾ ಕೂತಿದ್ದಿರಿ. ಗಿರೀಶ್ ಆಗಷ್ಟೇ ಕೆಲಸದಿಂದ ಬಂದಿದ್ದರು. ನಿಂತೇ ಹೇಳಿದೆ. ಹೇಳಿ ಮುಗಿಸಿದಾಗ ನೀವು ಬಯ್ಯುತ್ತೀರಿ, ಅಳುತ್ತೀರಿ ಎಂದುಕೊಂಡಿದ್ದೆ. ನೀವು ಸೊಸೆಯ ಕಡೆ ತಿರುಗಿ ಮಗುವಿನ ಹಾಗೆ ನಕ್ಕಿರಿ.

'ನೋಡಿದ್ಯೇನೇ ರೂಪಾ? ನಾನು ಹೇಳಿರ್ಲಿಲ್ವಾ! ಸುಜಾತಾ ಅಂದೆ, ಯುಗಾದಿ ಮುಂಚೆ ಅಂದೆ. ಎಲ್ಲಾ ಸರಿಯಾಗೇ ಹೇಳಿದ್ದೆ ತಾನೇ?' ಆಮೇಲೆ, 'ಅಟ್ಟದಿಂದ ನನ್ನ ಡಬ್ಬಿ ಇಳಿಸೇ.'

ರೂಪಾ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದವರು ಬರಲಿಲ್ಲ. ಡಬ್ಬಿ ಇಳಿಸಲು ಗಿರೀಶ್ ಹೋದರು. ನೀವೇ ನನ್ನ ಕೈ ಹಿಡಿದು ಕೂರಿಸಿದಿರಿ. 'ಅಂಗಡಿ ತುಂಬಾ ಜನ, ಬಾಯಿ ತಪ್ಪಿ ಬಂದಿರತ್ತೆ ಬಿಡಮ್ಮಾ. ಬಂದು ಹೇಳಿದ್ಯಲ್ಲ, ಅದೇ ದೊಡ್ಡದು.'

ನಾನು ಹೂಂ ಎಂದೆ.

ಅಲ್ಲ ಎನ್ನಬೇಕಿತ್ತು. ಆ ಹೂಂ ನನ್ನ ಮೂರನೆಯ ತಪ್ಪು. ಕ್ಷಮೆ ಎದುರಿಗೆ ಬಂತು, ಅಗ್ಗವಾಗಿ ಬಂತು, ಇಸಿದುಕೊಂಡೆ. ಬಾಯಿ ತಪ್ಪಿದ್ದಕ್ಕೆ ನೀವು ಕೊಟ್ಟ ಕ್ಷಮೆ ಅದು. ಲೆಕ್ಕ ಹಾಕಿ ಹೇಳಿದ್ದಕ್ಕಲ್ಲ. ನಿಮ್ಮ ಕಾಲಿಗಿಂತ ಶಾಖೆಯ ಅಂಕಿ ಮುಖ್ಯವಾದ ಆ ಗಳಿಗೆ ನಿಮಗೆ ಗೊತ್ತೇ ಇಲ್ಲ. ಗೊತ್ತಾದ ಮೇಲೂ ಕೈ ಹಿಡಿಯುತ್ತೀರೋ ಇಲ್ಲವೋ— ಅದು ನಿಮಗೆ ಬಿಟ್ಟದ್ದು. ಹಿಡಿಯದಿದ್ದರೆ ಸರಿಯೇ.

ಮ್ಯಾನೇಜರನ್ನು ದೂರಲಾರೆ. ರಿಟರ್ನ್ ಬೇಡ ಎಂದರೇ ಹೊರತು, ಮುಗಿಸಿ ಎಂದು ಹೇಳು ಎಂದವರಲ್ಲ. ಆ ಮಾತು ನನ್ನದೇ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಮತ್ತೆ ನಿಮ್ಮ ಮನೆಗೆ ಬರುತ್ತೇನೆ. ರೂಪಾ ಎದುರಿಗೆ, ಗಿರೀಶ್ ಎದುರಿಗೆ ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ಕಂಪನಿಗೂ ಹೇಳುತ್ತೇನೆ. ಕೆಲಸ ಹೋಗಬಹುದು. ರೂಪಾ ಅವರ ಕೆಲಸ ಹೋಗಿ ಎಷ್ಟು ಕಾಲವಾಯಿತು.

ಮನೆಗೆ ಬಂದು ಮುದ್ದೆ ತಿರುಗಿಸಿದೆ. ನಿನ್ನೆಯ ಬಸ್ಸಾರು ತಳದಲ್ಲಿ ಸ್ವಲ್ಪ ಉಳಿದಿತ್ತು. 'ಇರೋದನ್ನ ಮುಗಿಸಿಬಿಡೇ, ಎಸೀಬೇಡ' ಎಂದರು ಇವರು, ಏನೂ ಅರಿಯದೆ. ಬಡಿಸಿಕೊಂಡೆ. ತಳ ಬಳಿದು ಉಂಡೆ. ಇವರಿಗೆ ಇನ್ನೂ ಹೇಳಿಲ್ಲ. ನಾಳೆ ನಿಮ್ಮ ಮನೆಗೆ ಬರುವ ಮುಂಚೆ ಹೇಳಬೇಕು. ಪಾತ್ರೆ ತೊಳೆದಿಟ್ಟು ಬರುವಷ್ಟರಲ್ಲಿ ಇವರು ಮಲಗಿಬಿಟ್ಟಿದ್ದರು.