ಮೂರು ಗೆರೆಯ ಲಕೋಟೆ

ಹೋದ ತಿಂಗಳು ನಮ್ಮ ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಸಿದೆವು. ಬಣ್ಣದವನು ಟರ್ಪೆಂಟೈನ್ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಪಡಸಾಲೆಯಲ್ಲಿ ಪೇಪರ್ ಓದುತ್ತ ಕುಳಿತಿದ್ದ ನನ್ನ ಕೈ ತಾನಾಗಿಯೇ ಕಿವಿಯ ಹಿಂದೆ ಹೋಯಿತು. ಅಲ್ಲಿ ಪೆನ್ಸಿಲ್ ಇರಲಿಲ್ಲ. ಇರುವುದಾದರೂ ಹೇಗೆ, ಕಿವಿಗೆ ಪೆನ್ಸಿಲ್ ಸಿಗಿಸಿಕೊಳ್ಳುವ ಕೆಲಸ ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಹೆಂಡತಿ ನೋಡಿ, "ಯಾಕ್ರಿ, ಕಿವಿ ನೋಯಾಕತ್ತದೇನು?" ಎಂದು ಕೇಳಿದಳು. ಇಲ್ಲ ಎಂದೆ. ನೋಯುತ್ತಿದ್ದದ್ದು ಬೇರೆ, ಅದನ್ನು ಅಲ್ಲಿಯವರೆಗೆ ಇವಳಿಗೆ ಹೇಳಿರಲಿಲ್ಲ. ನಿಮಗೆ ಹೇಳುವುದು ಸುಲಭ. ನೀವು ನಾಳೆ ಮುಂಜಾನೆ ಚಹಾದ ಹೊತ್ತಿಗೆ ನನ್ನ ಎದುರು ಕೂಡುವವರಲ್ಲ.

ಎಪ್ಪತ್ತರ ದಶಕದಲ್ಲಿ ನಾನು ರಾಯಚೂರಿನ ಸ್ಟೇಷನ್ ಕಡೆಯ ಒಂದು ಫೋಟೋ ಸ್ಟುಡಿಯೋದಲ್ಲಿ ರಿಟಚಿಂಗ್ ಮಾಡುತ್ತಿದ್ದೆ. ಅದೇನು ಕೆಲಸ ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಆಗಿನ ಫೋಟೋ ಕಪ್ಪು ಬಿಳುಪಿನದು, ನೆಗೆಟಿವ್ ಅಂಗೈಯಷ್ಟು ದೊಡ್ಡದು. ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು: ಕರಿ ಕೂದಲು ಬೆಳ್ಳಗೆ, ಬಿಳಿ ಅಂಗಿ ಕಪ್ಪಗೆ. ಹಾಗಾಗಿ ಫೋಟೋದಲ್ಲಿ ಮುಖ ಬೆಳ್ಳಗೆ ಬರಬೇಕಾದರೆ ನೆಗೆಟಿವ್‌ನ ಮುಖಕ್ಕೆ ಕಪ್ಪು ಹಚ್ಚಬೇಕು. ಟರ್ಪೆಂಟೈನಿನಲ್ಲಿ ಕರಗಿಸಿದ ರಾಳವನ್ನು ಅದರ ಮೇಲೆ ತೆಳ್ಳಗೆ ಒರೆಸಿ, ಒಣಗಿದ ಮೇಲೆ ಸೂಜಿಯಷ್ಟು ಚೂಪಾದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿ ಇಡುತ್ತ ಹೋಗಬೇಕು. ಹುಬ್ಬು ದಪ್ಪ ಮಾಡಬೇಕೆಂದರೆ ಮಾತ್ರ ಬ್ಲೇಡಿನ ಮೊನೆಯಿಂದ ಕೆರೆಯಬೇಕು. ದಿನಕ್ಕೆ ಐದಾರು ಮುಖ ಮಾಡುವಷ್ಟರಲ್ಲಿ ಕಣ್ಣು ಉರಿಯುತ್ತಿದ್ದವು.

ನಮ್ಮಲ್ಲಿ ಹೆಚ್ಚು ಬರುತ್ತಿದ್ದದ್ದು ಗಂಡಿನ ಕಡೆಯವರಿಗೆ ಕಳಿಸುವ ಕನ್ಯಾ ಫೋಟೋ. ದೇವದುರ್ಗದಿಂದ, ಮಾನ್ವಿಯಿಂದ, ಸುತ್ತಲಿನ ಹಳ್ಳಿಗಳಿಂದ ತಾಯಿ ತಂದೆ ಮಗಳನ್ನು ಬಸ್ಸಿಗೆ ಕರೆತಂದು, ಸ್ಟುಡಿಯೋದ ಕನ್ನಡಿಯಲ್ಲಿ ತಲೆ ತೀಡಿಸಿ, ಕಾಗದದ ಹೂವಿನ ಕುಂಡದ ಪಕ್ಕ ನಿಲ್ಲಿಸುತ್ತಿದ್ದರು. ಹುಡುಗಿ ಹೊರಗೆ ಹೋದ ಮೇಲೆ ತಾಯಿ ಒಂದು ನಿಮಿಷ ಹಿಂದೆ ಉಳಿಯುತ್ತಿದ್ದಳು. ಸುಮ್ಮನೆ ಸೆರಗಿನ ತುದಿ ತಿರುವುತ್ತ ನಿಲ್ಲುತ್ತಿದ್ದಳು. ನಮ್ಮ ಮಾಲಕರಿಗೆ ಅಷ್ಟೇ ಸಾಕು. "ಫಿಕರ್ ಮಾಡಬ್ಯಾಡ್ರಿ ಯವ್ವಾ. ರಂಗು ಕೊಡೋದು ದೇವರ ಕೆಲ್ಸ, ಸಫಾಯಿ ನಮ್ಮ ಕೆಲ್ಸ" ಎಂದು ನೆಗೆಟಿವ್ ಲಕೋಟೆಯ ಮೂಲೆಯಲ್ಲಿ ಸಣ್ಣಗೆ ಗೆರೆ ಎಳೆಯುತ್ತಿದ್ದರು. ಗೋಧಿ ಬಣ್ಣಕ್ಕೆ ಒಂದು ಗೆರೆ, ಸಾದಗಪ್ಪಿಗೆ ಎರಡು, ಪೂರಾ ಕಪ್ಪಿಗೆ ಮೂರು. ಆ ಗೆರೆ ನೋಡಿ ನಾನು ಪೆನ್ಸಿಲ್ ಆರಿಸಿಕೊಳ್ಳುತ್ತಿದ್ದೆ. ಹತ್ತು ವರ್ಷದಲ್ಲಿ ಗಂಡಿನ ಲಕೋಟೆಯ ಮೇಲೆ ಗೆರೆ ಬಿದ್ದದ್ದನ್ನು ನಾನು ಕಾಣಲಿಲ್ಲ.

ನೀವು ಕೇಳಬಹುದು, ಇಷ್ಟೆಲ್ಲ ಹೇಳುವವನೇನು ಹಾಲಿನಂತೆ ಇದ್ದನೇ ಎಂದು. ನನ್ನ ಬಣ್ಣದ ಮಾತು ಬೇಡ. ಡಾರ್ಕ್ ರೂಮಿನಲ್ಲಿ ಕೆಂಪು ದೀಪ ಹಚ್ಚಿದ ಮೇಲೂ ಮಾಲಕರು, "ಎಲ್ಲಿದ್ದೀಯೋ, ಒಂದೀಟು ನಗು, ಹಲ್ಲರ ಕಾಣಲಿ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಗಂಡಸಿಗೆ ಅದು ಚೇಷ್ಟೆಯ ಮಾತು, ಕೇಳಿ ಮರೆತುಬಿಡಬಹುದು.

ಮಾಳಮ್ಮ ನನ್ನ ಸೋದರಮಾವನ ಮಗಳು. ಮಾವನದು ದೇವದುರ್ಗ ತಾಲೂಕಿನ ಜಾಲಹಳ್ಳಿ. ಕುರಿ, ಎರಡು ಎತ್ತು, ಸ್ವಲ್ಪ ಹೊಲ. ಮಾವನ ಮಗಳೆಂದರೆ ನಮ್ಮ ಕಡೆ ಅಳಿಯನಿಗೆ ಹಕ್ಕಿನವಳು. ಅವನು ಒಲ್ಲೆ ಎಂದ ಮೇಲೆಯೇ ಹೊರಗಿನ ಸಂಬಂಧ ನೋಡುವುದು. ಮಾಳಮ್ಮ ದೇವದುರ್ಗದಲ್ಲಿ ಮೆಟ್ರಿಕ್ ಮುಗಿಸಿದ್ದಳು. ಬಾಯಿ ಜೋರು, ನಗು ಇನ್ನೂ ಜೋರು. ಸಣ್ಣವರಿದ್ದಾಗ ನನಗೆ ಸೀತನಿ ತಿನ್ನಿಸಬೇಕೆಂದು ಎಳೆಯ ಜೋಳದ ತೆನೆ ಕೊಯ್ಯಲು ಹೋಗಿ, ಕುಡುಗೋಲು ಜಾರಿ ಗದ್ದಕ್ಕೆ ಪೆಟ್ಟು ಮಾಡಿಕೊಂಡಿದ್ದಳು. ರಕ್ತ ಒರೆಸಿಕೊಂಡು, ಕೆಂಡದ ಮೇಲೆ ತೆನೆ ಸುಟ್ಟು, ಉಜ್ಜಿ ಕಾಳು ಬಿಡಿಸಿ ನನ್ನ ಅಂಗೈಗೆ ಸುರಿದ ಮೇಲೆಯೇ ಅವಳು ಮನೆಗೆ ಹೋದದ್ದು. ಆ ಗಾಯ ಅರ್ಧ ಬೆರಳಿನಷ್ಟು ಉದ್ದದ ಕಲೆಯಾಗಿ ಉಳಿಯಿತು.

ನನಗೆ ಸ್ಟುಡಿಯೋದಲ್ಲಿ ಕೆಲಸ ಗಟ್ಟಿಯಾದ ವರ್ಷ ಅವ್ವ ಮಾತು ತೆಗೆದಳು. "ನಮ್ಮ ಮಾಳಮ್ಮನ್ನ ತಂದ್ಕೊಳ್ಳೋಣ. ಹುಡುಗಿ ಬಾಳ ಚೊಲೊ ಅದಾಳ. ಬಣ್ಣ ಒಂದು..." ಎಂದು ಅಲ್ಲಿಗೇ ನಿಲ್ಲಿಸಿದಳು. ನಾನು, "ಇನ್ನೂ ಎರಡು ವರ್ಷ ಬ್ಯಾಡ ಬೇ, ಕೆಲ್ಸ ನೋಡಬೇಕು" ಎಂದೆ. ಅವ್ವನಿಗೆ ಅರ್ಥವಾಯಿತು, ಮಾವನಿಗೂ ಅರ್ಥವಾಯಿತು. ಮಾವ ಒಂದೇ ಮಾತು ಹೇಳಿದ್ದ: "ಹೊಲ ಹಿಡಿಯಾಕ ಬಂದ್ರ ಕರೇ ಮಣ್ಣು ಎಲ್ಲದ ಅಂತ ಹುಡುಕತೀರಿ. ಮಗಳು ನೋಡಾಕ ಬಂದ್ರ ನಿಮ್ಮ ಕಣ್ಣು ಬ್ಯಾರೆ." ಅದನ್ನೂ ಸಿಟ್ಟಿನಿಂದ ಹೇಳಲಿಲ್ಲ. ದಿನಾ ಬೆಳ್ಳನೆಯ ಮುಖಗಳನ್ನು ನಾನೇ ತಯಾರು ಮಾಡಿ ಮಾಡಿ, ಅಂಥ ಮುಖವೇ ಎಲ್ಲೋ ಇದೆ, ನನಗೂ ಒಂದು ಸಿಗುತ್ತದೆ ಎಂದು ನಂಬಿ ಕುಳಿತಿದ್ದೆ. ಖೋಟಾ ನೋಟು ಅಚ್ಚು ಹಾಕುವವನೇ ಅದನ್ನು ನಂಬಿದಂತಾಯಿತು ನನ್ನ ಕಥೆ.

ಮುಂದೆ ಮಾನ್ವಿ ತಾಲೂಕಿನ ಬಾಗಲವಾಡದಿಂದ ಅವಳಿಗೊಂದು ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ. ಮೊದಲು ಫೋಟೋ ಕಳಿಸಿರಿ ಎಂದಿದ್ದರು. ಮಾವ ಮಗಳನ್ನು ಕರೆದುಕೊಂಡು ನಮ್ಮ ಸ್ಟುಡಿಯೋಕ್ಕೇ ಬಂದ. ಕುಂಡದ ಪಕ್ಕ ನಿಂತ ಮಾಳಮ್ಮ ನನ್ನನ್ನು ನೋಡಿ, "ನೀ ಏನೂ ಹಚ್ಚಾಕ ಹೋಗಬ್ಯಾಡ. ನನ್ನ ಮಾರಿ ಇದ್ದಂಗ ಇರಲಿ. ನೋಡಿ ಬ್ಯಾಡಂದ್ರ ಬ್ಯಾಡ ಅನ್ನಲಿ, ಅವರ ಬಸ್ಸಿನ ಚಾರ್ಜ್ ಉಳೀತದ" ಎಂದು ನಕ್ಕಳು. ನಾನೂ ಹೂಂ ಎಂದೆ. ಮಾಲಕರು ಎಂದಿನಂತೆ ಲಕೋಟೆಯ ಮೂಲೆಯಲ್ಲಿ ಎರಡು ಗೆರೆ ಎಳೆದು ನನ್ನ ಕೈಗೆ ಕೊಟ್ಟರು. ಮೂರನೆಯದನ್ನು ಎಳೆದವನು ನಾನು.

ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾನು ಒಲ್ಲೆ ಎಂದವಳಿಗೆ ಒಳ್ಳೆಯ ಮನೆ ಸಿಗಲಿ, ನನ್ನ ತಲೆಯ ಮೇಲಿನ ಭಾರ ಇಳಿಯಲಿ ಎಂಬ ಆಸೆ. ಉಪಕಾರ ಮಾಡುತ್ತಿದ್ದೇನೆ ಎಂದೇ ಅಂದುಕೊಂಡೆ. ಎರಡು ದಿನ ಕುಳಿತೆ. ಭೂತಗನ್ನಡಿಯ ಕೆಳಗೆ ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತಿದ್ದುವ ಮೊದಲು ತೆಗೆದ ಪ್ರೂಫ್ ಪ್ರಿಂಟನ್ನು ಪಕ್ಕದಲ್ಲಿಟ್ಟುಕೊಂಡು ಕೆನ್ನೆಯ ಏರು, ಕಣ್ಣಿನ ಮೂಲೆಯಲ್ಲಿ ತಡೆದಿಟ್ಟುಕೊಂಡ ನಗು, ಗದ್ದದ ಕಲೆ ಒಂದೊಂದನ್ನೇ ನೋಡುತ್ತ ಪೆನ್ಸಿಲ್ ಆಡಿಸಿದೆ. ಈಕೆ ಎಷ್ಟು ಚೆಲುವೆ ಎಂದು ಅವತ್ತು ನನಗೆ ತಿಳಿಯಿತು. ತಿಳಿದೂ ಕೈ ನಿಲ್ಲಲಿಲ್ಲ. ಕಲೆಯನ್ನು ಮುಚ್ಚಿದೆ, ಬ್ಲೇಡಿನಿಂದ ಹುಬ್ಬು ತಿದ್ದಿದೆ. ಪ್ರಿಂಟ್ ನೋಡಿ ಮಾಲಕರು ಬೆನ್ನು ತಟ್ಟಿದರು. ಮಾವ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮಕೀನೇನೋ ಇಕಿ?" ಎಂದ. ಹೌದು ಎಂದೆ. ಆತ ನನ್ನನ್ನು ನಂಬುತ್ತಿದ್ದ, ಮಗಳಿಗೂ ತೋರಿಸದೆ ಅದನ್ನು ಹಾಗೇ ಬಾಗಲವಾಡಕ್ಕೆ ಕಳಿಸಿದ.

ಹದಿನೈದು ದಿನಕ್ಕೆ ಬಾಗಲವಾಡದವರು ಹೆಣ್ಣು ನೋಡಲು ಬಂದರು. ಅಳಿಯನೆಂದು ನಾನೂ ಜಾಲಹಳ್ಳಿಯಲ್ಲಿ ಹಾಜರಿದ್ದೆ, ಚಹಾದ ತಟ್ಟೆ ನನ್ನ ಕೈಯಲ್ಲಿತ್ತು. ಹುಡುಗ ನನ್ನಷ್ಟೇ ಕಪ್ಪು. ಮಾಳಮ್ಮ ಬಂದು ಚಾಪೆಯ ಮೇಲೆ ಕುಳಿತಳು. ಹುಡುಗನ ತಾಯಿ ಅವಳನ್ನು ಪ್ರೀತಿಯಿಂದಲೇ ನೋಡಿ, "ಇಕಿ ದೊಡ್ಡಾಕಿ ಏನ್ರಿ? ಛಂದ ಅದಾಳ. ಇನ್ನ ಸಣ್ಣಾಕಿನ್ನ ಕರೀರಿ" ಎಂದಳು.

ಮಾವ, "ನನಗ ಇಕಿ ಒಬ್ಬಾಕೀನರಿ ಮಗಳು" ಎಂದ.

ಆಕೆ ಚೀಲದಿಂದ ಫೋಟೋ ತೆಗೆದು ಮಾಳಮ್ಮನ ಮುಖದ ಪಕ್ಕ ಹಿಡಿದಳು. ಸೀರೆ ಅದೇ, ಸರ ಅದೇ. "ಅದೇ ಸೀರಿ ಉಡಿಸಿ ಬ್ಯಾರೇದಾಕಿನ್ನ ಕುಂದ್ರಸೀರಿ. ಇಕಿ ಗದ್ದಕ್ಕ ಕಲಿ ಅದ. ಫೋಟೋದಾಕಿಗೆ ಎಲ್ಲದ?" ಎಂದು ಕೇಳಿದಳು. ಮಾವ, "ದೇವಸುಗೂರಿನ ಸೂಗೂರೇಶನ ಆಣಿ" ಎಂದು ಎದೆ ಮುಟ್ಟಿಕೊಂಡ. ಆಕೆ ಕೇಳಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ನೋಡಿದಳು, ಕಾಳಿನ ವಾಡೆಯ ಹಿಂದೆ ಬಗ್ಗಿ ನೋಡಿದಳು, ಹಿತ್ತಲಿನ ಕುರಿದೊಡ್ಡಿಯನ್ನೂ ಬಿಡಲಿಲ್ಲ. ಬೆಳ್ಳನೆಯ ಮಗಳನ್ನು ಬಚ್ಚಿಟ್ಟು ಕಪ್ಪು ಮಗಳನ್ನು ಸಾಗಹಾಕಲು ನೋಡುತ್ತಿದ್ದಾರೆ ಎಂದು ಆಕೆಗೆ ಖಾತ್ರಿಯಾಗಿತ್ತು. ಈಗ ನಿಮಗೆ ನಗು ಬಂದರೆ ನಗಿ, ನನ್ನ ತಕರಾರಿಲ್ಲ. ಕುರಿಗಳ ನಡುವೆ ನನ್ನ ಪೆನ್ಸಿಲಿನ ಹುಡುಗಿಯನ್ನು ಹುಡುಕಿದ ಆ ತಾಯಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ನಾನು ಒಂದು ಮಾತು ಆಡಬೇಕಿತ್ತು. "ಇದು ನನ್ನ ಕೈಕೆಲಸ, ಮಾವನದೇನೂ ತಪ್ಪಿಲ್ಲ" ಎಂದಿದ್ದರೆ ಸಾಕಿತ್ತು. ಮಾಳಮ್ಮ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು, ಕಾಯುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಬಂದವರು ಚಹಾ ಮುಟ್ಟದೆ ಎದ್ದು ಹೋದರು.

ಸಂಜೆ ಬಸ್ ನಿಲ್ಲುವ ಕಡೆಗೆ ಹೊರಟವನ ಹಿಂದೆ ಮಾಳಮ್ಮ ಬಂದಳು. ಅವರು ಚಾಪೆಯ ಮೇಲೆ ಒಗೆದು ಹೋಗಿದ್ದ ಫೋಟೋ ಅವಳ ಕೈಯಲ್ಲಿತ್ತು. ಅದನ್ನು ನನಗೆ ಕೊಟ್ಟು, "ಇಕಿನ್ನ ಆಗಿದ್ರ ನೀನೂ ಮಾಡ್ಕೊಂತಿದ್ದಿ, ಹೌದಿಲ್ಲ?" ಎಂದು ಕೇಳಿದಳು. ಬಸ್ಸು ಬಂತು, ನಾನು ಹತ್ತಿದೆ. ಆ ಫೋಟೋ ಹರಿದು ಹಾಕಿದೆ, ಮರುದಿನ ಸ್ಟುಡಿಯೋದಿಂದ ನೆಗೆಟಿವ್ ತಂದು ಬಿಸ್ಕೀಟಿನ ಡಬ್ಬಿಯಲ್ಲಿಟ್ಟೆ. ಅದನ್ನು ಅಲ್ಲಿಯೇ ಸುಡಬಹುದಿತ್ತು, ಮನಸ್ಸು ಬರಲಿಲ್ಲ.

ಜಾಲಹಳ್ಳಿಯ ಮನೆಯವರು ಬೇರೆ ಹುಡುಗಿಯ ಫೋಟೋ ಕಳಿಸುತ್ತಾರೆ ಎಂಬ ಸುದ್ದಿ ಮಾನ್ವಿಯ ಸಂತೆ ದಾಟಿ ಎಲ್ಲ ಕಡೆ ಹೋಯಿತು. ಆಮೇಲೆ ಬರಬೇಕಿದ್ದ ಒಂದೆರಡು ಸಂಬಂಧ ಹಾದಿಯಲ್ಲೇ ತಿರುಗಿದವು. ಮಾವ ಸುಳ್ಳುಗಾರನೆಂಬ ಹೆಸರು ಹೊತ್ತೇ ತೀರಿಕೊಂಡ. ಮಾಳಮ್ಮ ಎಂಬತ್ತರ ದಶಕದ ಮೊದಲಲ್ಲಿ ದೇವದುರ್ಗದಲ್ಲಿ ಅಂಗನವಾಡಿ ಕೆಲಸಕ್ಕೆ ಸೇರಿ, ಒಬ್ಬಳೇ ಮನೆ ಮಾಡಿ, ಊರಿನ ಅರ್ಧ ಮಕ್ಕಳಿಗೆ ಅಕ್ಷರ ತಿದ್ದಿಸಿದಳು. ಅವಳು ಅತ್ತದ್ದನ್ನು ಯಾರೂ ಕಂಡಿಲ್ಲ. ಆದರೆ ಅಂದಿನಿಂದ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ಯಾರ ಮದುವೆಯಲ್ಲೂ ಫೋಟೋ ಎಂದ ಕೂಡಲೇ, "ನೀವು ನಿಂದರ್ರಿ, ನಾ ಹುಡುಗರನ್ನ ನೋಡ್ಕೊಂತೀನಿ" ಎಂದು ಸರಿಯುತ್ತಿದ್ದಳು. ನಾನು ಮಾನ್ವಿಯಿಂದ ಹೆಣ್ಣು ತಂದೆ, ಫೋಟೋ ನೋಡಿಯೇ ಒಪ್ಪಿದೆ. ಮದುವೆಯ ದಿನ ಪರದೆ ಸರಿದಾಗ ತಿಳಿಯಿತು, ಮಾನ್ವಿಯಲ್ಲಿ ನನ್ನಂಥದೇ ರಿಟಚಿಂಗ್ ಕೆಲಸಗಾರ ಯಾರೋ ಎರಡು ಗೆರೆಯಷ್ಟು ದುಡಿದಿದ್ದ. ನನಗೆ ಆಗಬೇಕಾದದ್ದೇ ಆಯಿತು. ಇವಳು ಒಳ್ಳೆಯವಳು, ಆ ಮಾತು ಬೇರೆ.

ಹೋದ ತಿಂಗಳು ಆ ಬಣ್ಣದವನು ಊಟಕ್ಕೆ ಹೋದಾಗ ಅವನ ಬಾಟಲಿಯಿಂದ ಅರಳೆಗೆ ನಾಲ್ಕು ಹನಿ ಟರ್ಪೆಂಟೈನ್ ಹಾಕಿಕೊಂಡೆ. ಬಿಸ್ಕೀಟಿನ ಡಬ್ಬಿ ತೆಗೆದು ಮಾಳಮ್ಮನ ನೆಗೆಟಿವ್ ಮೇಲೆ ಮೆಲ್ಲಗೆ ಒರೆಸಿದೆ. ಎರಡು ದಿನ ಕುಳಿತು ಹಚ್ಚಿದ್ದು ಎರಡು ನಿಮಿಷದಲ್ಲಿ ಅರಳೆಗೆ ಬಂತು. ಹುಬ್ಬು ಮಾತ್ರ ಬ್ಲೇಡಿನಿಂದ ಕೆರೆದದ್ದು, ಅದು ಹೋಗಲಿಲ್ಲ. ಮರುದಿನ ಪೇಟೆಯ ಕಂಪ್ಯೂಟರ್ ಅಂಗಡಿಗೆ ಒಯ್ದು ಪ್ರಿಂಟ್ ಹಾಕಿಸಿದೆ. ಅಲ್ಲಿಯ ಹೆಣ್ಣುಮಗಳು ಪರದೆಯ ಮೇಲೆ ಮುಖ ನೋಡಿ, "ಸ್ವಲ್ಪ ಬ್ರೈಟ್ ಮಾಡ್ಲೇನ್ರಿ ಅಂಕಲ್?" ಎಂದಳು. "ಕೈ ಹಚ್ಚಬ್ಯಾಡ ತಾಯಿ" ಎಂದೆ. ನನ್ನ ದನಿ ಕೇಳಿ ಆ ಹುಡುಗಿ ಗಾಬರಿಯಾದಳು, ಪಾಪ.

ಅಲ್ಲಿಂದ ನೇರವಾಗಿ ದೇವದುರ್ಗದ ಬಸ್ಸು ಹಿಡಿದೆ. ಮಾಳಮ್ಮನ ತಲೆ ಪೂರಾ ಬೆಳ್ಳಗಾಗಿದೆ. ಕಟ್ಟೆಯ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ನಾನು ಫೋಟೋ ಅವಳ ಮುಂದಿಟ್ಟೆ. ಕೈ ಸೆರಗಿಗೆ ಒರೆಸಿಕೊಂಡು ಎತ್ತಿಕೊಂಡಳು, ಕನ್ನಡಕ ಹಾಕಿಕೊಂಡಳು. ಬಹಳ ಹೊತ್ತು ನೋಡಿ, ಫೋಟೋದ ಗದ್ದದ ಮೇಲೆ ಹೆಬ್ಬೆರಳಿಟ್ಟು, "ಸೀತನಿ ಕಲಿ" ಎಂದಳು. ಮತ್ತೂ ನೋಡಿದಳು.

"ಇಷ್ಟು ಚೊಲೊ ಇದ್ನೇನು ನಾ?"

"ಹೌದು" ಎಂದೆ.

"ನಿನಗ ಆವಾಗ ಕಂಡಿತ್ತೇನು?"

ಈ ಸಲ ಸುಳ್ಳು ಹೇಳಬಾರದು ಎಂದುಕೊಂಡೇ ಬಸ್ಸು ಇಳಿದಿದ್ದೆ. "ಕಂಡಿತ್ತು. ಪೆನ್ಸಿಲ್ ಹಚ್ಚೋವಾಗ" ಎಂದೆ.

ಅವಳು ತಲೆಯಾಡಿಸಿದಳು. ಸಿಟ್ಟಿರಲಿಲ್ಲ, ಮಕ್ಕಳ ತಪ್ಪು ಲೆಕ್ಕ ನೋಡುವ ಮಾಸ್ತರಿಣಿಯ ದನಿಯಿತ್ತು.

"ಕಂಡ ಮ್ಯಾಲೂ ಹಚ್ಚಿದಿ" ಎಂದಳು. ಫೋಟೋವನ್ನು ಮೆಂತ್ಯೆಯ ಮಣ್ಣು ತಾಗದಂತೆ ಸೆರಗಿನಲ್ಲಿ ಸುತ್ತಿಕೊಂಡು, ಚಹಾ ಇಡಲು ಒಳಗೆ ಹೋದಳು. ಚಹಾ ಕುಡಿದು ಬಸ್ಸು ಹಿಡಿದೆ.

ಮನೆಗೆ ಬಂದಾಗ ಕಿಟಕಿಗಳು ಇನ್ನೂ ಹಸಿಯಾಗಿದ್ದವು. ಎಲ್ಲಿಗೆ ಹೋಗಿದ್ರಿ ಎಂದು ಹೆಂಡತಿ ಕೇಳಿದಳು. ಅವಳನ್ನು ಎದುರಿಗೆ ಕೂಡಿಸಿಕೊಂಡು ಮೊದಲು ಆ ಮಾತನ್ನೇ ಹೇಳಿದೆ, ಕಂಡ ಮೇಲೂ ಹಚ್ಚಿದೆ ಎಂದು. ಉಳಿದದ್ದನ್ನು ಆಮೇಲೆ ಹೇಳಿದೆ.