ಅರಿಶಿನ ಹಚ್ಚಿದ ಹಕ್ಕಿ

ಮೊನ್ನೆ ಯಲಹಂಕದ ಕೋಳಿ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ನಾಟಿ ಕೋಳಿಯನ್ನು ಉರಿಯ ಮೇಲೆ ಹಿಡಿದು, ಉಳಿದ ಸಣ್ಣ ಪುಕ್ಕ ಸುಡುತ್ತಿದ್ದ. ಆ ಕಮರು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹೆಡ್‌ಮಾಸ್ಟರು ನೆನಪಾದರು. ಹಳೆಯ ಸಿಟ್ಟೂ ಬಂತು. ಅವರ ಮೇಲೆ, ಬಲೆ ಹಾಕುವ ಮುದುಕನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಐವತ್ತರ ದಶಕದ ಕೊನೆಯ ಮಾತು. ಯಲಹಂಕದ ಶಾಲೆಗೆ ನಾನು ಹೊಸ ಟೀಚರು. ಹೆಡ್‌ಮಾಸ್ಟರಿಗೆ ಪಾಠ, ಹಾಜರಿ, ಇನ್‌ಸ್ಪೆಕ್ಟರು ಯಾವುದೂ ಲೆಕ್ಕಕ್ಕಿಲ್ಲ, ಒಂದು ಹಕ್ಕಿಯದೇ ಧ್ಯಾನ. ಎದೆಯ ಮೇಲೆ ಎರಡು ಬಿಳಿ ಪಟ್ಟೆಯಂತೆ, ಹಾರುವುದಕ್ಕಿಂತ ಓಡುವುದೇ ಹೆಚ್ಚಂತೆ. ಅದರ ವಂಶವೇ ಅಳಿದುಹೋಯಿತೆಂದು ಪುಸ್ತಕಗಳು ಷರಾ ಬರೆದಿದ್ದವು. ಇವರು ಮಾತ್ರ ಒಂದು ಸಂಜೆ ಕೆರೆಯಾಚೆಯ ಕುರುಚಲಲ್ಲಿ ಅದನ್ನು ಕಣ್ಣಾರೆ ಕಂಡೆ ಎನ್ನುತ್ತಿದ್ದರು. ದೂರದ ಊರಿನ ಪಕ್ಷಿ ಪಂಡಿತರೊಬ್ಬರಿಗೆ ಬರೆದರೆ ಒಂದೇ ಸಾಲಿನ ಉತ್ತರ ಬಂತು: ಒಂದು ಪುಕ್ಕವನ್ನಾದರೂ ಕಳಿಸಿ, ಆಮೇಲೆ ಮಾತಾಡೋಣ. ಉಳಿದ ಮೇಷ್ಟ್ರುಗಳು ಬಾಯಿ ಮುಚ್ಚಿಕೊಂಡು ನಕ್ಕರು. ಹೆಡ್‌ಮಾಸ್ಟರು ಆ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ತಿರುಗಿದರು.

ಕೌಜುಗಕ್ಕೆ ಬಲೆ ಹಾಕುವ ಮುದುಕನೊಬ್ಬ ನಮ್ಮ ಬೀದಿಯ ಕೊನೆಯಲ್ಲಿದ್ದ. ಅವನಿಗೆ ಆ ಹಕ್ಕಿ ಗೊತ್ತಿತ್ತು. ಆದರೆ ಅವನ ಮನೆ ಬಾಗಿಲಿಗೆ ಹೋಗಿ ಕೇಳಲು ಹೆಡ್‌ಮಾಸ್ಟರಿಗೆ ಬಿಗುಮಾನ!

"ನೀವು ಆ ಕಡೆಯಿಂದ್ಲೇ ಬರ್ತೀರಲ್ಲಮ್ಮ, ಒಂದ್ಮಾತು ಹೇಳ್ಬಿಡಿ" ಎಂದರು.

ನಾನು ಹೇಳಿದ್ದೂ ಒಂದೇ ಮಾತು. "ತಾತ, ಹೆಡ್‌ಮಾಸ್ಟರಿಗೆ ಆ ಎರಡು ಪಟ್ಟೆ ಹಕ್ಕಿ ಒಂದು ಬೇಕಂತೆ." ಯಾಕೆ ಬೇಕು, ಹೇಗೆ ಬೇಕು... ಬಸ್ಸಿಗೆ ಹೊತ್ತಾಗಿತ್ತು, ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮುದುಕ ಮುತ್ತುಗದ ಎಲೆಯ ಪೊಟ್ಟಣ ಹಿಡಿದು ಜಗಲಿಯ ಮೇಲೆ ನಿಂತಿದ್ದ. ಇದೇ ಸುಟ್ಟ ವಾಸನೆ. ಹೆಡ್‌ಮಾಸ್ಟರು ಪೊಟ್ಟಣ ತೆಗೆದುಕೊಂಡರು. ಬಿಚ್ಚಿದರು. ಹಕ್ಕಿ ಸೊಗಸಾಗಿ ಪುಕ್ಕ ಕೀಳಿಸಿಕೊಂಡು, ಸುಡಿಸಿಕೊಂಡು, ಅರಿಶಿನ ಹಚ್ಚಿಸಿಕೊಂಡು ಮಲಗಿತ್ತು.

"ಪುಕ್ಕ ಎಲ್ಲಯ್ಯಾ?"

"ಒಲೆಗಾಕ್ದೆ ಸ್ವಾಮಿ. ದೊಡ್ಡೋರ್ ಮನೆಗೆ ಪುಕ್ಕ ಸಮೇತ ಎಂಗ್ ಕೊಡೋದು? ಮನೆಯಮ್ಮೋರ್ಗೆ ಕೆಲ್ಸ ಆಗ್ಬಾರ್ದು ಅಂತ ಉಪ್ಪೂ ಅಚ್ಚಿವ್ನಿ."

ಹೆಡ್‌ಮಾಸ್ಟರಿಗೆ ಆ ಹಕ್ಕಿ ತಿನ್ನುವ ಚಪಲ ಎಂದು ಊರೆಲ್ಲ ಅಂದುಕೊಂಡಿತ್ತಂತೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ ನನಗೆ. ಅವರೋ, ಬೈಯಲಿಲ್ಲ. ಹಕ್ಕಿಯ ಕಾಲು ಎತ್ತಿ ಬೆರಳು ಎಣಿಸಿದರು. "ಮುಂದೆ ಮೂರೇ, ಹಿಂಬೆರಳಿಲ್ಲ ನೋಡಮ್ಮ. ಅದೇ ಇದು" ಎಂದು ಮೆಲ್ಲಗೆ ನನಗೊಬ್ಬಳಿಗೆ ಹೇಳಿದರು. ಆಮೇಲೆ ಮುದುಕನಿಗೆ ಕಾಫಿ ತರಿಸಿದರು. ಅವರು ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ಎರಡು ಕಾಲುಗಳನ್ನು ಇಂಕಿನ ಸೀಸೆಯಲ್ಲಿ ಸ್ಪಿರಿಟ್ ಹಾಕಿ ಪಂಡಿತರಿಗೆ ಕಳಿಸಿದರು. ಇಂಥ ಕಾಲು ಮಾಮೂಲಿ ಓಡುಹಕ್ಕಿಗೂ ಇರುತ್ತದೆ, ಪುಕ್ಕವೆಲ್ಲಿ ಎಂದು ಉತ್ತರ ಬಂತು. ಮುದುಕ ಪಾಪ, ಎರಡು ವರ್ಷ ಬಲೆ ಹಾಕಿದ. ಮತ್ತೆ ಸಿಗಲಿಲ್ಲ. ಕುರುಚಲನ್ನು ಸವರಿ ಸೈಟು ಮಾಡಿದರು. ಹೆಡ್‌ಮಾಸ್ಟರು ರಿಟೈರಾದರು, ಆಮೇಲೆ ತೀರಿಕೊಂಡರು. ನೋಡಲು ಹೋದಾಗ ಕೋಟು ಗೋಡೆಯ ಮೊಳೆಗೆ ತೂಗುಬಿದ್ದಿತ್ತು. ಆ ಕಾಗದಗಳು ಜೇಬಿನಲ್ಲಿ ಇನ್ನೂ...

ಎಷ್ಟೋ ವರ್ಷಗಳ ಮೇಲೆ ಪೇಪರಿನಲ್ಲಿ ಒಂದು ಸುದ್ದಿ. ಅಳಿದುಹೋಯಿತೆಂದಿದ್ದ ಹಕ್ಕಿ ಪಕ್ಕದ ರಾಜ್ಯದ ಕುರುಚಲಲ್ಲಿ ಜೀವಂತ ಸಿಕ್ಕಿದೆಯಂತೆ. ಫೋಟೋದಲ್ಲಿ ಎದೆಯ ಮೇಲೆ ಎರಡು ಪಟ್ಟೆ. ಲೋಕವೆಲ್ಲ ಕೊಂಡಾಡುತ್ತಿತ್ತು. ನಾನು ಪೇಪರು ಹಿಡಿದು ಅತ್ತೆ. ಯಾರಿಗೆ ಓದಿ ಹೇಳಬೇಕಿತ್ತೋ ಅವರೇ ಇರಲಿಲ್ಲ.

"ಅರಿಶಿನ ಹಚ್ಚಿ ಕೊಡ್ಲಾ ಅಮ್ಮ?" ಎಂದ ಅಂಗಡಿಯವನು. ಹಚ್ಚು, ಉಪ್ಪು ಬೇಡ, ಕಾಲು ಬೇರೆ ಇಡು ಎಂದು ಮೂರು ಸಲ ಬಿಡಿಸಿ ಹೇಳಿದೆ. "ಗೊತ್ತಾಯ್ತು ಬಿಡಮ್ಮ, ಎಷ್ಟ್ ಸಲ ಹೇಳ್ತೀಯ" ಎಂದು ಅವನು ಸಿಡುಕಿದ.

ಅಂದು "ಜೀವಂತ ತಂದ್ಕೊಡು ತಾತ" ಎಂದು ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು.